ಎಡೆಗೆ ಬಾರದ ಕಣಿಲೆ

ಕೊಡಗಿನಲ್ಲಿ ಮನೆಗೊಬ್ಬ ಮಿಲಿಟರಿಯವನು ಇದ್ದೇ ಇರುತ್ತಾನೆ. ಮದುವೆಮನೆಯಲ್ಲಿ ನಾಲ್ಕು ಜನ ಸೇರಿದರೆ ಒಬ್ಬೊಬ್ಬರದೂ ಒಂದೊಂದು ಗುಂಡಿನ ಕಥೆ. ನನ್ನ ಸರದಿ ಬಂದಾಗ ಯಾರಾದರೂ, "ಇವ್ರದು ಅಕ್ಕಿಮೂಟೆ ರೆಜಿಮೆಂಟು" ಎಂದು ನಗುತ್ತಿದ್ದರು. ನಾನು ಸೈನ್ಯದಲ್ಲಿ ರೇಷನ್ ಒದಗಿಸುವ ಅಧಿಕಾರಿಯಾಗಿದ್ದೆ. ಹಿಮ ಬಿದ್ದು ದಾರಿ ಮುಚ್ಚುವ ಮೊದಲೇ ಮೇಲಿನ ಪೋಸ್ಟುಗಳಿಗೆ ಅಕ್ಕಿ, ಬೇಳೆ, ಸೀಮೆಎಣ್ಣೆ ಮುಟ್ಟಿಸುವುದು ನನ್ನ ಕೆಲಸ. ಹೊಟ್ಟೆಗಿಲ್ಲದೆ ಯಾವ ವೀರ ಗುಂಡು ಹೊಡೆದಾನು ಎಂದು ಒಳಗೊಳಗೇ ಉರಿದುಕೊಳ್ಳುತ್ತಿದ್ದೆ.

ನನ್ನ ಹೆಂಡತಿಯೂ ರೇಗಿಸುತ್ತಿದ್ದಳು. ಅವಳು ರೇಗಿಸಿದರೆ ಮಾತ್ರ ಬೇಸರವಾಗುತ್ತಿರಲಿಲ್ಲ.

ಕಳೆದ ಬೇಸಿಗೆಯಲ್ಲಿ ಅವಳು ಹಾಸಿಗೆ ಹಿಡಿದಳು. ಗಂಜಿಯೂ ಸೇರದಂತಾದ ಮೇಲೆ ಒಂದು ದಿನ, "ಕಣಿಲೆ ಸಾರು ತಿನ್ಬೇಕು ಅನ್ಸ್ತಿದೆ" ಎಂದಳು. ಎಳೆ ಬಿದಿರಿನ ಆ ಮೊಳಕೆ ಮಳೆ ಹಿಡಿಯದೆ ಏಳುವುದಿಲ್ಲ. ಗೋಣಿಕೊಪ್ಪಲಿನ ಅಂಗಡಿಗಳನ್ನೆಲ್ಲ ಸುತ್ತಿ, ಉಪ್ಪುನೀರಿನಲ್ಲಿಟ್ಟ ಹಳೆಯ ಕಣಿಲೆ ತಂದು ಬೇಯಿಸಿದೆ. ಒಂದು ಚೂರು ಬಾಯಿಗಿಟ್ಟು ತಟ್ಟೆ ಸರಿಸಿದಳು.

"ಊರಿಗೆಲ್ಲ ಸಪ್ಲೈ ಮಾಡಿದೋರು, ನಂಗೊಂದು ಕಣಿಲೆ ತರೋಕಾಗ್ಲಿಲ್ಲ ನೋಡಿ" ಎಂದು ನಕ್ಕಳು.

"ಮಳೆ ಬರ್ಲಿ, ಮಾಡಿಕೊಡ್ತೀನಿ" ಎಂದೆ.

ಮಳೆಗೆ ಮೊದಲೇ ಹೋಗಿಬಿಟ್ಟಳು.

ಮಳೆ ಸುರಿಯುವ ಆಟಿ ತಿಂಗಳಲ್ಲಿ ನಮ್ಮ ಮನೆಯಲ್ಲಿ ತೀರಿಕೊಂಡವರಿಗೆ ಎಡೆ ಇಡುತ್ತೇವೆ. ಅವರಿಗೆ ಇಷ್ಟವಾದದ್ದನ್ನು ಬಾಳೆಲೆಯಲ್ಲಿ ಬಡಿಸಿ, ಬಾಗಿಲು ಮುಚ್ಚಿ ಹೊರಗೆ ನಿಲ್ಲುವುದು. ಅವರು ಉಂಡ ಮೇಲೆಯೇ ನಮ್ಮ ಊಟ. ತೋಟದಂಚಿನ ಬಿದಿರುಮೆಳೆಯಲ್ಲಿ ಆಗಷ್ಟೇ ಎದ್ದ ಕಣಿಲೆಯನ್ನು ನಾನೇ ಕಡಿದು, ಹೆಚ್ಚಿ, ದಿನಾ ನೀರು ಬದಲಿಸಿ ಕಹಿ ಬಿಡಿಸಿದೆ. ಒಲೆಯ ಹತ್ತಿರ ಯಾರನ್ನೂ ಸೇರಿಸಲಿಲ್ಲ. ಇಂಥದ್ದರಲ್ಲೆಲ್ಲ ನನಗೆ ಅಷ್ಟೇನೂ ನಂಬಿಕೆಯಿಲ್ಲ. ಆದರೆ ಅವಳು ಬಂದು ಉಣ್ಣುತ್ತಾಳೆಂದು ಆ ಬೆಳಿಗ್ಗೆ ಪೂರ್ತಿ ನಂಬಿದ್ದೆ.

ಸೈನ್ಯದಲ್ಲಿ ಜವಾನರಿಗೆ ಬಡಿಸುವ ಮೊದಲು ಅಧಿಕಾರಿ ರುಚಿ ನೋಡಬೇಕು. ಕೆಟ್ಟದ್ದೇನಾದರೂ ಇದ್ದರೆ ಮೊದಲು ಅವನ ಹೊಟ್ಟೆಗೇ ಹೋಗಲಿ ಎಂದು. ಇಷ್ಟು ವರ್ಷದ ಅಭ್ಯಾಸ. ಸಾರು ಕುದಿ ಬಂದಾಗ ಕೈ ತಾನಾಗಿ ಸೌಟಿಗೆ ಹೋಯಿತು. ಸೌಟನ್ನೇ ಬಾಯಿಗಿಟ್ಟು ಉಪ್ಪು ನೋಡಿ, ಮತ್ತೆ ಪಾತ್ರೆಗೆ ಇಳಿಸಿದೆ.

ಎಡೆಗೆಂದು ಬಂದಿದ್ದ ನನ್ನ ಅಕ್ಕ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು.

"ಏನ್ ಮಾಡ್ಬಿಟ್ಟೆ? ಎಂಜಲಾಯ್ತಲ್ಲ. ಇನ್ನು ಎಲೆಗೆ ಹಾಕೋ ಹಂಗಿಲ್ಲ."

"ಒಂದು ತೊಟ್ಟು ಅಷ್ಟೆ, ಅಕ್ಕ."

"ಸತ್ತೋರ್ಗೆ ಎಂಜಲು ಬಡಿಸ್ತಾರೇನೋ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಒಲೆಯ ಮುಂದೆ ಕೂತು ಮಗುವಿನ ಹಾಗೆ ಅತ್ತುಬಿಟ್ಟೆ.

ಬೇರೆ ಕಣಿಲೆ ಕಡಿದು ತಂದರೂ ಕಹಿ ಬಿಡಲು ದಿನಗಳು ಬೇಕು. ಎಲೆಯ ಮೇಲೆ ಅನ್ನ, ಕಡುಬು, ಕೋಳಿಸಾರು ಇಟ್ಟು ಬಾಗಿಲು ಮುಚ್ಚಿದೆವು. ಬದುಕಿರೋರಿಗೆ ಅಡ್ಡಿಯಿಲ್ಲ ಎಂದಳು ಅಕ್ಕ. ಆಮೇಲೆ ಊಟಕ್ಕೆ ಕೂತ ನೆಂಟರೆಲ್ಲ ಕಣಿಲೆಯನ್ನು ಎರಡೆರಡು ಸಲ ಹಾಕಿಸಿಕೊಂಡರು. ಉಪ್ಪು ಹದವಾಗಿದೆ ಎಂದರು. ನಾನು ಬಡಿಸುತ್ತಲೇ ಹೋದೆ, ಪಾತ್ರೆ ಖಾಲಿಯಾಯಿತು. ಊರಿಗೆಲ್ಲ ಸಪ್ಲೈ ಮಾಡಿ ಮುಗಿಸಿದ್ದೆ. ಅವಳಿಗೆ ಮಾತ್ರ ಮುಟ್ಟಲಿಲ್ಲ.