ನೀಲವ್ವನ ಮಡಕೆ, ನನ್ನ ಕ್ರೋಷೆ

ನನ್ನ ಗೇಟಿನ ಹೊರಗಿರುವ ನೀರಿನ ಮಡಕೆ ನನ್ನದಲ್ಲ, ನೀಲವ್ವ, ಅದು ನಿನ್ನದು. ಇಡೀ ಚರ್ಚು ಅದನ್ನು ನನ್ನದೆಂದು ನಂಬಿದಾಗ ನಾನು ಬಾಯಿ ಬಿಡಲಿಲ್ಲ. ಇಷ್ಟು ಹೇಳಲು ಇಷ್ಟು ವರ್ಷ ಬೇಕಾಯಿತು —

ಆಗ ವೈಟ್‌ಫೀಲ್ಡಿನ ನಮ್ಮ ರಸ್ತೆಯಲ್ಲಿ ಹೆಂಚಿನ ಮನೆಗಳು ಇನ್ನೂ ಒಂದೆರಡು ಉಳಿದಿದ್ದವು, ನನ್ನದೂ ಒಂದು. ಎದುರಿನ ಮಾವಿನ ತೋಪು ಕಡಿದು ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದರು. ನೀನು ಯಾದಗಿರಿ ಕಡೆಯಿಂದ ಗಂಡನ ಜೊತೆ ಅಲ್ಲಿ ಇಟ್ಟಿಗೆ ಹೊರಲು ಬಂದವಳು, ತಗಡಿನ ಶೆಡ್ಡಿನಲ್ಲಿ ವಾಸ. ಒಂದು ಬೇಸಿಗೆಯ ಬೆಳಿಗ್ಗೆ ನೋಡುತ್ತೇನೆ, ನನ್ನ ಕಾಂಪೌಂಡಿನ ಹೊಂಗೆ ಮರ ಹೊರಗೆ ಚಾಚಿದ ನೆರಳಿನಲ್ಲಿ ಒಂದು ಮಡಕೆ, ಮೇಲೊಂದು ಮುರುಕು ಪ್ಲೈವುಡ್ಡು.

“ಏನಿದು ನೀಲವ್ವ, ಗೇಟ್ ಮುಂದೆ ಕೆಸರು ಮಾಡ್ತೀಯ. ತೆಗಿ.”

“ಇರಲಿ ಬಿಡ್ರಿ ಟೀಚರಮ್ಮಾರ. ಬಿಸಲಾಗ ಮಂದಿ ಯಾರ ಮನಿಗೆ ಹೋಗಿ ನೀರು ಕೇಳ್ತಾರ್ರಿ? ನೆರಳು ನಿಮ್ದು, ನೀರು ನಂದು. ಪುಣ್ಯ ಅರ್ಧಾ ಅರ್ಧಾ,” ಅಂತ ನಕ್ಕೆ ನೀನು.

ನಾನು ನಗಲಿಲ್ಲ. ಆ ವಾರ ಬ್ಲಾಕ್ ರೋಸರಿ ನಮ್ಮಲ್ಲಿ — ಬೀದಿಯ ಕ್ರೈಸ್ತರೆಲ್ಲ ಒಂದೇ ಮನೆಯಲ್ಲಿ ಸೇರಿ ಜಪಸರ ಮಾಡುವ ಸಂಜೆ, ಫಾದರ್ ಕೂಡ ಬರುತ್ತಾರೆ. ಪ್ಲೈವುಡ್ಡು ಡೀಸೆಂಟಾಗಿ ಕಾಣುವುದಿಲ್ಲ. ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ ಹಾಗೆ ಅಂಚಿಗೆ ನೀಲಿ ಮಣಿ ಪೋಣಿಸಿ ಹೆಣೆದ ಕ್ರೋಷೆ ಬಟ್ಟೆ ನನ್ನ ಮನೆಯ ಪ್ರತಿ ಜಗ್ಗಿನ ಮೇಲೂ ಇರುತ್ತಿತ್ತು. ಅದರಲ್ಲೊಂದನ್ನು ತಂದು — ಕರುಣೆಯಿಂದಲ್ಲ, ನಾಚಿಕೆಯಿಂದ — ಮಡಕೆಗೂ ಹೊದಿಸಿದೆ.

ಫಾದರ್ ಒಳಗೆ ಬಂದು ಷರಬತ್ತಿನ ಜಗ್ಗಿನ ಮೇಲೂ ಅದೇ ನೀಲಿ ಮಣಿ ಕಂಡರು. ಹೊರಗಿನ ಮಡಕೆಯೂ ನನ್ನದೇ ಅಂದುಕೊಂಡರು. ಭಾನುವಾರ ಪೂಜೆಯಲ್ಲಿ, ಬಾಯಾರಿದವರಿಗೆ ಕೊಡುವ ಒಂದು ಲೋಟ ನೀರಿನ ಬಗ್ಗೆ ಪ್ರಸಂಗ ಮಾಡುತ್ತಾ, ನನ್ನ ಹೆಸರು ಹೇಳಿದರು. ಎಲ್ಲರೂ ತಿರುಗಿ ನೋಡಿದರು. ಪೂಜೆ ಮುಗಿದ ಮೇಲಾದರೂ ಒಂದು ಮಾತು — ಒಂದೇ ಮಾತು — ನಾನು ತಲೆ ತಗ್ಗಿಸಿ ಕೂತೆ. ಅದನ್ನೂ ಜನ ವಿನಯ ಅಂದುಕೊಂಡರು.

ಸುದ್ದಿ ನಿನ್ನ ಕಿವಿಗೂ ಬಿತ್ತು. “ನಿಮ್ಮ ಗುಡ್ಯಾಗ ನಮ್ಮ ಗಡಿಗಿ ಸುದ್ದಿ ಬಂತಂತಲ್ರಿ,” ಎಂದೆ ನೀನು, ಮುಖ ಅರಳಿಸಿಕೊಂಡು. ಅಲ್ಲಿ ನಿನ್ನ ಹೆಸರು ಬರಲಿಲ್ಲ ಅಂತ ಹೇಳಬೇಕಿತ್ತು. ನಾನು “ಹೂಂ” ಅಂದೆ.

ಕಟ್ಟಡ ಮುಗಿಯಿತು, ಶೆಡ್ಡು ಬಿಚ್ಚಿದರು. ನೀನು ಎಲೆಕ್ಟ್ರಾನಿಕ್ ಸಿಟಿ ಕಡೆ ಹೋದೆ ಅಂದರು ಯಾರೋ. ಆಮೇಲೊಂದು ಮಧ್ಯಾಹ್ನ ಕ್ಯಾಬ್ ಡ್ರೈವರೊಬ್ಬ ಗೇಟು ತಟ್ಟಿ, “ಮೇಡಂ, ನಿಮ್ಮ ಮಡಕೆ ಖಾಲಿ ಇದೆ,” ಅಂದ. ಅವತ್ತಿನಿಂದ ನಾನೇ ತುಂಬುತ್ತೇನೆ. ಮೊದಮೊದಲು ಹೆಸರು ಕೆಟ್ಟೀತೆಂಬ ಭಯಕ್ಕೆ. ಬರಬರುತ್ತಾ — ನೀರು ಕುಡಿದವರು ಮುಖಕ್ಕೂ ಒಂದಿಷ್ಟು ಹಚ್ಚಿಕೊಂಡು ಸುಮ್ಮನೆ ನೆರಳಿನಲ್ಲಿ ನಿಲ್ಲುತ್ತಾರಲ್ಲ, ಅದನ್ನು ಕಿಟಕಿಯಿಂದ ನೋಡುವುದಕ್ಕೆ. ಬಾವಿಯ ಬಳಿ ಕೂತು ನೀರು ಕೇಳಿದ ಯೇಸುವಿನ ಕಥೆಯನ್ನು ಎಷ್ಟೋ ಮಕ್ಕಳಿಗೆ ಪಾಠ ಮಾಡಿದವಳು ನಾನು. ಅವನ ಬಾಯಾರಿಕೆ ಮಾತ್ರ ನನಗೆ ಹೊಳೆದಿರಲಿಲ್ಲ.

ಕನ್‌ಫೆಶನ್‌ನಲ್ಲಿ ಫಾದರ್ ಮುಂದೆ ನನ್ನ ಪಾಪಗಳನ್ನು, ಕೋಪ, ಅಸಹನೆ ಎಲ್ಲ ಹೇಳಿಕೊಂಡಿದ್ದೇನೆ, ಇದೊಂದನ್ನು ಬಿಟ್ಟು. ಬೀದಿಗೆ ಇವತ್ತಿಗೂ ಅದು ‘ಟೀಚರ್ ಮಡಕೆ’.

ನಾಳೆ ಸಂಜೆ ಬ್ಲಾಕ್ ರೋಸರಿ ಮತ್ತೆ ನಮ್ಮ ಮನೆಯಲ್ಲಿ. ಜಪಸರ ಮುಗಿದ ಮೇಲೆ ಎಲ್ಲರ ಮುಂದೆ ನಿನ್ನ ಹೆಸರು ಹೇಳುತ್ತೇನೆ. ಕ್ರೋಷೆ ಈಗಷ್ಟೇ ತೆಗೆದಿಟ್ಟು, ಒಂದು ತುಂಡು ಹಲಗೆ ಮುಚ್ಚಿ ಬಂದೆ. ನೆರಳು ನನ್ನದು, ನೀಲವ್ವ. ನೀರು ನಿನ್ನದು.