ಬೊಚ್ಚುಬಾಯಿಗೆ ಏಳು ಉಂಡಿ

ಮುಗಳಖೋಡದ ಅಂಚಿನಲ್ಲಿರುವ ಈ ಮನೆಯಲ್ಲಿ ಬುಧವಾರ ಮತ್ತು ಭಾನುವಾರ ಬೆಳಗಿನ ಆರರಿಂದ ಏಳರವರೆಗೆ ಯಾರೂ ಬಾಯಿ ಬಿಡುವಂತಿಲ್ಲ. ಟಿವಿ ಬಂದ್. ಮೊಬೈಲು ದಿಂಬಿನ ಕೆಳಗೆ. ಸೊಸೆ ಕೋಮಲ ಕೈಸನ್ನೆಯಲ್ಲೇ ಚಹಾ ಬೇಕೇ ಎಂದು ಕೇಳುತ್ತಾರೆ, ಅತ್ತೆ ಸತ್ತೆವ್ವ ಕತ್ತು ಅಲ್ಲಾಡಿಸಿಯೇ ಬೇಡವೆನ್ನುತ್ತಾರೆ. ಹಿತ್ತಲ ಹುಂಜಕ್ಕೆ ಮಾತ್ರ ಈ ಕಾಯಿದೆ ಗೊತ್ತಿಲ್ಲ. ಅದು ಕೂಗಿದಾಗಲೆಲ್ಲ ಸತ್ತೆವ್ವ ಕೈ ತಡೆದು, ಬಾಗಿಲ ಕಡೆ ಕೆಕ್ಕರಿಸಿ ನೋಡಿ, ಮತ್ತೆ ಕೆಲಸಕ್ಕೆ ತೊಡಗುತ್ತಾರೆ.

ಅವರ ಮುಂದೆ ಹಿತ್ತಾಳೆಯ ದೊಡ್ಡ ಪರಾತವಿದೆ. ಒಳಕಲ್ಲಿನಲ್ಲಿ ಕುಟ್ಟಿ ನುಣ್ಣಗಾದ ಕುರಿಮಾಂಸವನ್ನು ಹಿಡಿ ಹಿಡಿಯಾಗಿ ತೆಗೆದು ಅದರ ಮೇಲೆ ತೆಳ್ಳಗೆ ಹರಡುತ್ತಾರೆ. ಸ್ಟೀಲ್ ಚಮಚದ ಬೆನ್ನಿನಿಂದ ಒತ್ತಿ ಈ ಅಂಚಿನಿಂದ ಆ ಅಂಚಿಗೆ ಎಳೆಯುತ್ತಾರೆ. ಸದ್ದಿಲ್ಲ. ಇನ್ನೊಂದು ಹಿಡಿ. ಆಗಲೂ ಸದ್ದಿಲ್ಲ. ಮೂರನೆಯ ಹಿಡಿಗೆ ಚಮಚದ ಅಡಿಯಲ್ಲಿ ‘ಕರ್’ ಎನ್ನುತ್ತದೆ. ಸತ್ತೆವ್ವ ಚಮಚವನ್ನು ಅಲ್ಲೇ ನಿಲ್ಲಿಸಿ ಸೊಸೆಯ ಕಡೆ ನೋಡುತ್ತಾರೆ. ಕೋಮಲ ಉಗುರಿನಿಂದ ಕೆದಕಿ, ಜೋಳದ ನುಚ್ಚಿಗಿಂತ ಸಣ್ಣದಾದ ಎಲುಬಿನ ಚೂರೊಂದನ್ನು ಎತ್ತಿ ಬಾಟಲಿಯ ಮುಚ್ಚಳಕ್ಕೆ ಹಾಕುತ್ತಾರೆ.

ಅಷ್ಟರಲ್ಲಿ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಇಡೀ ಊರಿಗೆ ಕೇಳುವಂತೆ ಹಾಡು ಹಾಕಿಕೊಂಡು ಬರುತ್ತದೆ. ಅದು ಕಾರ್ಖಾನೆಯ ದಾರಿ ಹಿಡಿದು ದೂರವಾಗುವವರೆಗೆ ಅತ್ತೆ ಸೊಸೆ ಇಬ್ಬರೂ ಮೊಣಕಾಲ ಮೇಲೆ ಕೈಯಿಟ್ಟುಕೊಂಡು ಕುಳಿತಿರುತ್ತಾರೆ. ಹಂಗಾಮಿನಲ್ಲಿ ಹೀಗೆ ಕುಳಿತೇ ಅರ್ಧ ತಾಸು ಹೋಗುತ್ತದೆ.

“ಎಲುಬು ತಾನ ಒದರತೈತ್ರಿ,” ಎನ್ನುತ್ತಾರೆ ಸತ್ತೆವ್ವ, ಏಳು ಹೊಡೆದ ಮೇಲೆ. “ನಾವು ಬಾಯಿ ಮುಚಗೊಂಡು ಕುಂತ್ರ ಕೇಳತೈತಿ.”

ಸತ್ತೆವ್ವನಿಗೆ ಈಗ ಐವತ್ತೆಂಟು. ಕುರಿ ಸಾಕುವ ಮನೆತನ. ಗಂಡ ಭೀಮಸಿ ವರ್ಷದ ಎಂಟು ತಿಂಗಳು ಹಿಂಡಿನ ಬೆನ್ನು ಹತ್ತಿರುತ್ತಾರೆ; ಸದ್ಯ ಕಾಗವಾಡದ ಕಡೆಯ ಹೊಲಗಳಲ್ಲಿ ಅವರ ಬಿಡಾರ. ಮನೆಯಲ್ಲಿ ಸತ್ತೆವ್ವ ಹದಿನೈದು ವರ್ಷಗಳಿಂದ ಒಂದೇ ಒಂದು ಅಡುಗೆಯನ್ನು ಊರಿಗೆ ಕೊಡುತ್ತ ಬಂದಿದ್ದಾರೆ. ಕುಟ್ಟಿದ ಮಾಂಸದ ಉಂಡಿ, ಕಾಯಿಪಲ್ಲೆ ಹಾಕಿದ ಸಾರು. ಊರವರ ಬಾಯಲ್ಲಿ ಅದು ‘ಬೊಚ್ಚುಬಾಯಿ ಸಾರು’. ಹಲ್ಲು ಹೋದವರಿಗಷ್ಟೇ ಮಾಡುವುದರಿಂದ ಆ ಹೆಸರು. ಮನೆಗೆ ಬೋರ್ಡಿಲ್ಲ. ಬೇಕಾದವರು ಹಿಂದಿನ ಸಂಜೆ ಖಾಲಿ ಡಬ್ಬಿ ಕಳಿಸುತ್ತಾರೆ, ಅದೇ ಆರ್ಡರು. ರುಚಿ ಹತ್ತಿದ ಹರೆಯದವರು ತಮಗೂ ಒಂದು ಡಬ್ಬಿ ಎಂದು ಹಲ್ಲು ಕಿರಿದರೆ ಸತ್ತೆವ್ವ ಅದೇ ಹಲ್ಲನ್ನು ತೋರಿಸಿ ವಾಪಸ್ ಕಳಿಸುತ್ತಾರೆ: “ಇಷ್ಟ ಅದಾವಲ್ಲ, ಕಡಕೊಂಡು ತಿನ್ರಿ.”

ಇದು ಶುರುವಾದದ್ದು ಅವರ ಅತ್ತೆ ಕಾಳವ್ವನಿಂದ. ಮನೆಯಲ್ಲಿ ದೇವರ ಕಾರ್ಯದ ಊಟ ನಡೆದಿತ್ತು. ಎಲ್ಲರ ತಾಟಿನಲ್ಲೂ ಮಾಂಸ, ಕಾಳವ್ವ ಮಾತ್ರ ರೊಟ್ಟಿಯನ್ನು ರಸದಲ್ಲಿ ನೆನೆಸಿಕೊಂಡು ಉಣ್ಣುತ್ತಿದ್ದರು. “ಹಟ್ಟಿ ತುಂಬ ಕುರಿ ಅದಾವು, ನಮ್ಮತ್ತಿ ತಾಟಿನ್ಯಾಗ ಬರೇ ರಸಾ. ನನಗ ನಾಚಿಕಿ ಆತ್ರಿ,” ಎಂದು ಸತ್ತೆವ್ವ ನೆನೆಯುತ್ತಾರೆ. ಮರುದಿನ ಉಳಿದ ಮಾಂಸವನ್ನು ಒಳಕಲ್ಲಿಗೆ ಹಾಕಿ ಕುಟ್ಟಿದರು. ಮನೆಯಲ್ಲಿ ಹನ್ನೊಂದು ಮಂದಿ, ಮಾಂಸ ಅರ್ಧ ಕಿಲೊ. ಸಾಲದ್ದಕ್ಕೆ ಬಟಾಟಿ, ಗಜ್ಜರಿ, ಬದನೆಕಾಯಿ ಬಿದ್ದವು. ಕಾಳವ್ವ ಅಂದು ಏಳು ಉಂಡಿ ತಿಂದು, ಕೈ ತೊಳೆಯದೆ ಇನ್ನಷ್ಟು ಹೊತ್ತು ಕುಳಿತಿದ್ದರಂತೆ. ಇವತ್ತಿಗೂ ಒಂದು ಡಬ್ಬಿಗೆ ಏಳೇ ಉಂಡಿ.

ಈಗ ವಾರಕ್ಕೆರಡು ಸಲ ಎರಡೂವರೆ ಕಿಲೊ ಮಾಂಸ ಬರುತ್ತದೆ. ಅದರಲ್ಲಿ ಸುಟ್ಟ ಉಳ್ಳಾಗಡ್ಡಿ, ಬಳ್ಳೊಳ್ಳಿ, ಹಸಿಶುಂಠಿ, ಕೊತ್ತಂಬರಿ, ಒಂದಿಷ್ಟು ಪುಟಾಣಿ (ಹುರಿಗಡಲೆ) ಹಿಟ್ಟು ಕಲೆಸಿ, ಸಣ್ಣ ಲಿಂಬೆಯ ಗಾತ್ರಕ್ಕೆ ಕಟ್ಟುತ್ತಾರೆ. ಒಣಕೊಬ್ಬರಿ ಮತ್ತು ಎಳ್ಳು ಹುರಿದು ಅರೆದ ಮಸಾಲೆ ಸಾರಿಗೆ. ಖಾರ ಕಡಿಮೆ, ವಯಸ್ಸಾದವರ ಹೊಟ್ಟೆ ನೋಡಿ. ಗಜ್ಜರಿ ಬಟಾಟಿ ಮೊದಲು, ಅವು ಅರ್ಧ ಬೆಂದ ಮೇಲೆ ಬದನೆಕಾಯಿ, ಸಾರು ಕುದಿ ಬಂದಾಗ ಉಂಡಿ. ಉಂಡಿ ಬಿದ್ದ ಮೇಲೆ ಸೌಟು ಹಾಕುವ ಹಾಗಿಲ್ಲ. ಪಾತ್ರೆಯ ಎರಡೂ ಕಿವಿಗಳನ್ನು ಬಟ್ಟೆಯಿಂದ ಹಿಡಿದು ಮೆಲ್ಲಗೆ ತಿರುಗಿಸಬೇಕು. ಇದೆಲ್ಲ ಯಾರು ಬೇಕಾದರೂ ಕಲಿಯಬಹುದಾದ ಕೆಲಸವೆಂದು ಸತ್ತೆವ್ವ ಹೇಳುತ್ತಾರೆ. ಕಷ್ಟವೆಲ್ಲ ಎಲುಬಿನದು. ಕತ್ತಿ ಬಿದ್ದಲ್ಲಿ ಚೂರು ಹಾರುತ್ತದೆ, ಮಾಂಸದಲ್ಲಿ ಅಡಗುತ್ತದೆ. ಹಲ್ಲಿದ್ದವರು ಅದನ್ನು ಹಲ್ಲಿನಲ್ಲೇ ಹಿಡಿದು ಉಗುಳುತ್ತಾರೆ. ಹಲ್ಲಿಲ್ಲದವರ ಗಂಟಲಿಗೆ ಅದು ನೇರವಾಗಿ ಇಳಿಯುತ್ತದೆ.

ಹದಿನಾಲ್ಕು ವರ್ಷ ಆ ಚೂರುಗಳನ್ನು ಹುಡುಕಿದ್ದು ಸತ್ತೆವ್ವನ ಬೆರಳುಗಳು. ಹೋದ ವರ್ಷ ಬೆರಳು ಕೈಕೊಟ್ಟವು. ಸಕ್ಕರೆ ಕಾಯಿಲೆ ಹಳೆಯದು, ಆದರೆ ಅದು ಬೆರಳ ತುದಿಗೆ ಬಂದದ್ದು ಅವರಿಗೆ ತಿಳಿಯಲಿಲ್ಲ. ತಿಳಿಯದಿರಲು ಕಾರಣವೂ ಇತ್ತು. ಶ್ರಾವಣ ಮಾಸ, ಒಂದು ತಿಂಗಳು ಊರಲ್ಲಿ ಯಾರೂ ಮಾಂಸ ಮುಟ್ಟುವುದಿಲ್ಲ, ಅವರ ಕೈಗೂ ರಜೆ. ಆ ತಿಂಗಳಲ್ಲಿ ಕಾದ ಹಂಚಿನ ಮೇಲಿನ ರೊಟ್ಟಿಯನ್ನು ಬರಿಗೈಯಲ್ಲಿ ತಿರುಗಿಸಿದರೂ ಸುಡಲಿಲ್ಲ. “ಕೈ ಪಳಗ್ಯಾವ ಅಂತ ತಿಳಕೊಂಡೆ. ಕೋಮಲಗೂ ದೊಡ್ಡಸ್ತನ ಮಾಡಿ ತೋರಿಸಿದೆ. ಪಳಗಿರಲಿಲ್ರಿ, ಸತ್ತಿದ್ದುವು.”

ಶ್ರಾವಣ ಮುಗಿದ ಮೊದಲ ಬುಧವಾರ ತಿಂಗಳಿಡೀ ಕಾದವರೆಲ್ಲ ಡಬ್ಬಿ ಕಳಿಸಿದರು. ಮೂವತ್ತೊಂದು ಡಬ್ಬಿ. ಅವುಗಳಲ್ಲೊಂದು, ಕಬ್ಬಿನ ತೋಟದ ಯಜಮಾನ, ಎಂಬತ್ತೊಂದರ ರಾವಸಾಹೇಬರದು. ಎರಡನೇ ಉಂಡಿಯಲ್ಲಿದ್ದ ಚೂರು ಅವರ ಗಂಟಲಲ್ಲಿ ಸಿಕ್ಕಿಕೊಂಡಿತು. ಡಾಕ್ಟರು ಅದನ್ನು ಹೊರತೆಗೆದರು, ಅಜ್ಜ ಉಳಿದರು. ಆದರೆ ಅವರ ಸೊಸೆ ಅಕ್ಕವ್ವ ಮರುದಿನ ಬಂದು ಬಾಗಿಲಲ್ಲೇ ನಿಂತು, “ಇನ್ನ ನಮ್ಮನಿ ಕಡೆ ಬರಬ್ಯಾಡ,” ಎಂದು ಹೋದರು. ಸತ್ತೆವ್ವ ಒಳಗೆ ಹೋಗಿ ಒಲೆಯ ಮುಂದೆ ಕುಳಿತು ಅತ್ತರು. ಆವತ್ತೇ ಊರಿಗೆಲ್ಲ ಇಲ್ಲವೆಂದು ಹೇಳಿ ಕಳಿಸಿದರು.

ಎರಡೂವರೆ ತಿಂಗಳು ಒಳಕಲ್ಲು ಮಗುಚಿಯೇ ಇತ್ತು. ಮಟನ್ ಅಂಗಡಿಯ ಬಾಳಾಸಾಬ ತನ್ನ ಮಷಿನ್ನಿನಲ್ಲಿ ಮಾಂಸ ಅರೆದು ಕೊಡುತ್ತೇನೆಂದರೂ ಒಪ್ಪಲಿಲ್ಲ. ಮಷಿನ್ನಿಗೆ ಎಲುಬಾದರೇನು ಮಾಂಸವಾದರೇನು, ಎರಡನ್ನೂ ಅರೆಯುತ್ತದೆ ಎಂಬುದು ಅವರ ವಾದ. ಒಂದು ಮಧ್ಯಾಹ್ನ ಕೋಮಲ ಹಿತ್ತಲಲ್ಲಿ ಪರಾತ ತಿಕ್ಕುತ್ತಿದ್ದಾಗ ಬೂದಿಯಲ್ಲಿದ್ದ ಮರಳಿನ ಹರಳೊಂದು ಹಿತ್ತಾಳೆಯನ್ನು ಗೀರಿ ಕರ್ ಎಂದಿತು. ಪಡಸಾಲೆಯಲ್ಲಿ ಮಲಗಿದ್ದ ಸತ್ತೆವ್ವ ಎದ್ದು ಬಂದು, “ಇನ್ನೊಮ್ಮಿ ತಿಕ್ಕು,” ಎಂದರು.

ಆಮೇಲೆ ಹದಿನೈದು ದಿನ ಪರೀಕ್ಷೆ ನಡೆಯಿತು. ಕೋಮಲ ಎಲುಬಿನ ಚೂರುಗಳನ್ನು ಎಣಿಸಿ ಮಾಂಸದಲ್ಲಿ ಬಚ್ಚಿಡುವುದು, ಅತ್ತೆ ಚಮಚ ಎಳೆದು ಹಿಡಿಯುವುದು. ಮೊದಮೊದಲು ಒಂದೆರಡು ತಪ್ಪಿದವು. ಹುಂಜದ ಮೇಲೂ ಟಿವಿಯ ಮೇಲೂ ಸಿಟ್ಟು ಬಂತು, ಈ ಮೌನದ ಕಾಯಿದೆ ಹುಟ್ಟಿತು. “ಕಡೀ ದಿನ ನಾ ಐದ ಹಾಕಿದ್ದೆ,” ಎಂದು ಕೋಮಲ ನಗುತ್ತಾರೆ. “ಅತ್ತಿ ಆರು ತಗದ್ರು. ಆರನೇದು ಬಾಳಾಸಾಬ ಕಾಕಾಂದು.”

ಹೀಗೆ ಕೆಲಸ ಮತ್ತೆ ಹತ್ತಿದೆ. ಮೂವತ್ತೊಂದರಲ್ಲಿ ಹತ್ತೊಂಬತ್ತು ಡಬ್ಬಿಗಳು ತಿರುಗಿ ಬಂದಿವೆ. ಬಾರದ ಹನ್ನೆರಡರಲ್ಲಿ ಹನ್ನೊಂದರ ಮಾತು ಸತ್ತೆವ್ವ ಎತ್ತುವುದಿಲ್ಲ. ಅವರ ಲೆಕ್ಕದಲ್ಲಿ ರಾವಸಾಹೇಬರ ಮನೆ ಒಂದೇ ಬಾಕಿ. “ಅವ್ರು ಉಣ್ಣೂತನಕ ನಾ ಮಾಡಿದ್ದು ಅಡಗಿ ಅಲ್ರಿ,” ಎನ್ನುತ್ತಾರೆ. ಮೊನ್ನೆ ರಾವಸಾಹೇಬರೇ ಪಕ್ಕದ ಮನೆಯವರ ಕೈಯಲ್ಲಿ ಹೇಳಿ ಕಳಿಸಿದ್ದಾರೆ: ಬುಧವಾರ ನನಗೂ ಒಂದು ತಾ. ಅಕ್ಕವ್ವ ಒಪ್ಪಿದ್ದಾರೋ ಇಲ್ಲವೋ ಅದರಲ್ಲಿ ಇರಲಿಲ್ಲ.

ಇವತ್ತು ಬುಧವಾರ. ಡಬ್ಬಿಗಳು ಇಪ್ಪತ್ತು, ಉಂಡಿಗಳು ನೂರ ನಲವತ್ತು. ಹನ್ನೊಂದೂವರೆಗೆ ಸತ್ತೆವ್ವ ಸೊಸೆಯನ್ನು ಕರೆದುಕೊಂಡು ಮೊದಲು ರಾವಸಾಹೇಬರ ಮನೆಗೇ ಹೋಗುತ್ತಾರೆ. ಅಜ್ಜ ಜಗಲಿಯ ಮೇಲೆ ಆಗಲೇ ತಾಟು ಇಟ್ಟುಕೊಂಡು ಕುಳಿತಿದ್ದಾರೆ. “ಯೇ ಗಂ ಸತ್ತೆವ್ವಾ, ಯೇ. ಬಾ ಬಾ, ಎಷ್ಟ ತಡಾ ಮಾಡ್ದಿ!” ಎಂದು ಮರಾಠಿ ಬೆರೆಸಿ ಕರೆಯುತ್ತಾರೆ.

ಒಳಗಿನಿಂದ ಬಂದ ಅಕ್ಕವ್ವ ಡಬ್ಬಿ ನೋಡಿ ಹುಬ್ಬು ಗಂಟಿಕ್ಕುತ್ತಾರೆ. “ಮಾಮಾ, ಡಾಕ್ಟರ್ ಏನ್ ಹೇಳಿದ್ರು ಮರತ್ರ್ಯಾ?”

“ಡಾಕ್ಟರ್‌ಗ ಹಲ್ಲು ಅದಾವು,” ಎನ್ನುತ್ತಾರೆ ರಾವಸಾಹೇಬ.

ಸತ್ತೆವ್ವ ಮೆಟ್ಟಿಲ ಕೆಳಗೇ ನಿಂತು ಡಬ್ಬಿಯನ್ನು ಅಕ್ಕವ್ವನ ಕೈಗೆ ಕೊಡುತ್ತಾರೆ. “ಅಕ್ಕವ್ವಾರ, ನೀವ ನಿಮ್ಮ ಕೈಲೆ ಒಂದೊಂದ ಒಡದು ನೋಡ್ರಿ. ಆಮ್ಯಾಲ ಅಜ್ಜಾರಿಗಿ ಕೊಡ್ರಿ. ನಾ ಇಲ್ಲೇ ನಿಂದರ್ತೇನಿ.”

ಅಕ್ಕವ್ವ ಕುಳಿತು ಮೊದಲ ಉಂಡಿಯನ್ನು ಒಡೆಯುತ್ತಾರೆ. ಬೆರಳ ನಡುವೆ ಹಿಟ್ಟಾಗುವವರೆಗೆ ಹಿಚುಕಿ ನೋಡಿ ಮಾವನ ತಾಟಿಗೆ ಹಾಕುತ್ತಾರೆ. ಎರಡನೆಯದೂ ಹಾಗೆಯೇ. ಮೂರು, ನಾಲ್ಕು. ಅಜ್ಜ ಅದನ್ನು ರಸದಲ್ಲಿ ಅದ್ದಿ ಕಣ್ಣು ಮುಚ್ಚಿ ನುಂಗುತ್ತಿದ್ದಾರೆ. ಕೆಳಗೆ ನಿಂತ ಸತ್ತೆವ್ವನ ಕಣ್ಣು ಅಜ್ಜನ ಬಾಯಿಯ ಮೇಲಿಲ್ಲ, ಅಕ್ಕವ್ವನ ಕೈಮೇಲಿದೆ. ಐದನೆಯ ಉಂಡಿಯನ್ನು ಅಕ್ಕವ್ವ ಎರಡು ಹೋಳು ಮಾಡಿ, ಹಿಚುಕದೆ ಹಾಗೆಯೇ ತಾಟಿಗೆ ಹಾಕುತ್ತಾರೆ. ಆಮೇಲೆ ಡಬ್ಬಿಯಲ್ಲಿ ಉಳಿದ ಎರಡನ್ನೂ ಸಾರಿನ ಸಮೇತ ತಾಟಿಗೆ ಸುರಿದು, ಸೆರಗಿಗೆ ಕೈ ಒರೆಸಿಕೊಂಡು, ರೊಟ್ಟಿ ತರಲು ಒಳಗೆ ಹೋಗುತ್ತಾರೆ.

ಇನ್ನೂ ಹತ್ತೊಂಬತ್ತು ಮನೆಗಳಿವೆ. ಚೀಲ ಹೊತ್ತ ಕೋಮಲ ಮುಂದೆ, ಸತ್ತೆವ್ವ ಹಿಂದೆ. ಅತ್ತೆ ಓಣಿಯ ತಿರುವಿನಲ್ಲಿ ನಿಂತು ಸೊಸೆಯ ತೋಳು ಹಿಡಿಯುತ್ತಾರೆ.

“ನೋಡಿದೇನ ಕೋಮಲಾ? ಆರನೇದು ಒಡೀಲಿಲ್ಲ. ಹಂಗ ಹಾಕಿದ್ರು.”