ಹ್ಯಾಂಡಲ್ ಬಿಡುವ ಹರಕೆ

ಯಮನೂರಿನ ದರ್ಗಾದ ಅಜ್ಜಾರನ್ನು ನಂಬಿ ನಡೆಯುವ ಅಕ್ಕ ತಂಗಿಯರಿಗೆ, ಅಣ್ಣ ತಮ್ಮಂದಿರಿಗೆ ಮೊರಬದ ಶಿವಲೀಲಾಳ ಶರಣು, ಸಲಾಮು ಎರಡೂ. ಹೋದ ವರ್ಷ ನನ್ನ ಬಲಗಾಲು ಮಡಚದಂತಾಗಿತ್ತು. ಕಾಲಿನ ಜೊತೆಗೆ ನಮ್ಮ ಮನೆಯ ರವಿವಾರಗಳೂ ಹೋಗಿದ್ದವು. ಅವೆರಡೂ ಹೇಗೆ ತಿರುಗಿ ಬಂದವು ಎಂಬುದನ್ನು ಬರೆಯುತ್ತೇನೆ. ನಾನು ಓದಿದ್ದು ಹತ್ತನೆಯ ತರಗತಿ, ಮಾಡುವುದು ಟೇಲರಿಂಗ್. ಹೊಲಿಗೆ ಅಲ್ಲಲ್ಲಿ ಸೊಟ್ಟ ಬಿದ್ದಿದ್ದರೆ ತಿದ್ದಿಕೊಂಡು ಓದಿರಿ.

ನಮ್ಮವರು ಈರಣ್ಣ, ಪಂಪ್‌ಸೆಟ್ಟಿನ ಮೋಟಾರು ರಿಪೇರಿ ಮಾಡುತ್ತಾರೆ. ವಾರದ ಆರು ದಿನ ತಲೆ ಬಗ್ಗಿಸಿ ತಾಮ್ರದ ತಂತಿ ಸುತ್ತುವ ಮನುಷ್ಯನಿಗೆ ರವಿವಾರ ಬಂತೆಂದರೆ ಒಂದೇ ಹುಚ್ಚು. ಹಳೆಯ ಬೈಕು ತೆಗೆದು, ನನ್ನನ್ನು ಹಿಂದೆ ಕೂರಿಸಿಕೊಂಡು, ಡಾಂಬರು ರಸ್ತೆ ಬಿಟ್ಟು ಹೊಲದ ಬಂಡಿ ದಾರಿ ಹಿಡಿಯುವುದು. ಕೆಸರು ಹೆಚ್ಚಿದಷ್ಟೂ ಖುಷಿ. ಮಕ್ಕಳು ಹಾಸ್ಟೆಲಿಗೆ ಹೋದ ಮೇಲೆ ಈ ಗಂಡ ಹೆಂಡತಿಗೆ ಬುದ್ಧಿ ಕಡಿಮೆಯಾಯಿತು ಎಂದು ಊರು ಆಡಿಕೊಳ್ಳುತ್ತಿತ್ತು. ಆಡಿಕೊಳ್ಳಲಿ. ಹದಿನೆಂಟು ವರ್ಷದ ಸಂಸಾರದಲ್ಲಿ ನಾವು ಮನಸ್ಸು ಬಿಚ್ಚಿ ಮಾತಾಡಿದ್ದೆಲ್ಲ ಆ ಬೈಕಿನ ಮೇಲೆಯೇ. ಕೆಸರಿನಲ್ಲಿ ಹ್ಯಾಂಡಲ್ ಹಿಡಿದವರಿಗೆ ತಲೆ ಎತ್ತಲು ಬರುವುದಿಲ್ಲ. "ನಾ ದಾರಿ ನೋಡ್ತೀನಿ, ನೀ ಹೊಲ ನೋಡಿ ಹೇಳು" ಎನ್ನುತ್ತಿದ್ದರು. ಹೆಸರಿನ ಬೆಳೆ ಹೂ ಬಿಟ್ಟಿದೆ, ಹತ್ತಿ ಎದ್ದಿದೆ, ಅಲ್ಲಿ ಜಿಂಕೆ ಹಿಂಡು ನಿಂತಿದೆ ಎಂದು ನಾನು ಅವರ ಕಿವಿಯಲ್ಲಿ ಒದರುತ್ತಿದ್ದೆ. ಬೇಸಿಗೆಯಲ್ಲಿ ಖಾಲಿ ಹೊಲದಲ್ಲಿ ನನಗೂ ಬೈಕು ಓಡಿಸಲು ಕಲಿಸಿದ್ದರು. ಆದರೆ ಕೆಸರಿನಲ್ಲಿ ನಾನು ಎಂದೂ ಹ್ಯಾಂಡಲ್ ಮುಟ್ಟಿದವಳಲ್ಲ.

ನಮ್ಮ ಕಡೆಯ ಎರೆ ಮಣ್ಣು ಹಸಿಯಾದರೆ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಹೊಕ್ಕು ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಗಾಲಿ ತಿರುಗುವುದಿಲ್ಲ. ಅದಕ್ಕೇ ಮೊದಲ ಮಳೆ ಬೀಳುತ್ತಲೇ ನಮ್ಮವರು ಮುಂದಿನ ಮಡ್‌ಗಾರ್ಡ್ ಬಿಚ್ಚಿ ಗೋಡೆಯ ಮೊಳೆಗೆ ತೂಗುಹಾಕುತ್ತಿದ್ದರು. ಹೋದ ವರ್ಷ ಮಣ್ಣೆತ್ತಿನ ಅಮಾವಾಸ್ಯೆ ಕಳೆದ ಮೇಲಿನ ರವಿವಾರ ಕುಬಿಹಾಳದಲ್ಲಿ ನಮ್ಮಕ್ಕನ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ಕಾರ್ಯವಿತ್ತು. ನಾನು ಹೊಸ ಇಳಕಲ್ ಸೀರೆ ಉಟ್ಟಿದ್ದೆ. "ಮಡ್‌ಗಾರ್ಡ್ ಇಲ್ಲದ ಗಾಡಿ ಮ್ಯಾಲೆ ಬೀಗರ ಮುಂದ ಹ್ಯಾಂಗ ಇಳೀಲ್ರಿ? ಸೀರಿ ತುಂಬ ರಾಡಿ ಸಿಡಿತೈತಿ. ಹಾಕ್ರಿ ಅದನ್ನ" ಎಂದು ಹಟ ಹಿಡಿದೆ. ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಅವರು ಮೊಳೆಯಿಂದ ಇಳಿಸಿ ಹಾಕಿದರು.

ಹೋಗುವಾಗ ಡಾಂಬರು ರಸ್ತೆಯಲ್ಲೇ ಹೋದೆವು. ಹೋಳಿಗೆ ಊಟ ಮುಗಿಸಿ ಬರುವಾಗ ಹಸಿ ಹೊಲ ಕಂಡು ಮನಸ್ಸು ತಡೆಯಲಿಲ್ಲ. "ಒಳಗಿನ ದಾರಿಲೆ ಹೋಗೂಣು" ಎಂದವಳೂ ನಾನೇ. ಮೊಳೆಯ ಮೇಲೆ ಇರಬೇಕಾದದ್ದು ಗಾಲಿಯ ಮೇಲಿದೆ ಎಂಬುದು ಇಬ್ಬರಿಗೂ ಮರೆತುಹೋಗಿತ್ತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಮುಂದಿನ ಗಾಲಿ ಗಕ್ಕನೆ ನಿಂತಿತು. ನಾನು ಮುಗ್ಗರಿಸಿ ಬಿದ್ದೆ. ಬಲ ಮೊಣಕಾಲು ಹೊಲದ ಗಡಿಯ ಬಾಂದಗಲ್ಲಿಗೆ ಬಡಿಯಿತು.

ಯಾರೋ ಪುಣ್ಯಾತ್ಮರು ಟ್ರ್ಯಾಕ್ಟರಿನಲ್ಲಿ ಮಲಗಿಸಿ ದೊಡ್ಡ ರಸ್ತೆಗೆ ಮುಟ್ಟಿಸಿದರು. ಅಲ್ಲಿಂದ ಹುಬ್ಬಳ್ಳಿ ಆಸ್ಪತ್ರೆ. ಮೊಣಕಾಲ ಚಿಪ್ಪು ಎರಡು ಹೋಳಾಗಿತ್ತು. ಆಪರೇಶನ್ ಮಾಡಿ ತಂತಿ ಹಾಕಿ ಕೂಡಿಸಿದರು. ದಿನಾ ತಂತಿಯಲ್ಲೇ ಬದುಕುವ ನಮ್ಮವರು ಎಕ್ಸರೇದಲ್ಲಿ ಆ ತಂತಿ ನೋಡಿ ಗೋಡೆಗೆ ಮುಖ ಮಾಡಿ ಅತ್ತರು.

"ಮಡ್‌ಗಾರ್ಡ್ ಹಾಕಸಿದಾಕಿ ನಾನ್ರಿ" ಎಂದೆ.

"ಹ್ಯಾಂಡಲ್ ನನ್ನ ಕೈಯಾಗಿತ್ತು" ಎಂದರು.

ಗಣೇಶ ಚೌತಿಯ ಹೊತ್ತಿಗೆ ಪಟ್ಟಿ ಬಿಚ್ಚಿದರು. ಕಾಲು ಸ್ವಲ್ಪ ಮಡಚುತ್ತಿತ್ತು, ಅಲ್ಲಿಗೆ ನಿಂತುಬಿಡುತ್ತಿತ್ತು. ವ್ಯಾಯಾಮಕ್ಕೆಂದು ಪ್ರತಿ ಮಂಗಳವಾರ ಹುಬ್ಬಳ್ಳಿ ಬಸ್ಸು ಹತ್ತಿದೆ. ಕಾಲು ಸೀಟಿನ ಸಂದಿಯಲ್ಲಿ ಹಿಡಿಯದೆ ನಡುದಾರಿಗೆ ಚಾಚಿಕೊಂಡು ಕೂರಬೇಕು. "ಅಕ್ಕಾರ, ಕಾಲು ಒಳಗ ತಗೋರಿ" ಎಂದು ಕಂಡಕ್ಟರು. "ಬರಂಗಿಲ್ಲಪ್ಪ, ಏನ ಮಾಡ್ಲಿ" ಎಂದು ನಾನು. ಮಂದಿ ನನ್ನ ಕಾಲು ದಾಟಿಕೊಂಡು ಇಳಿಯುತ್ತಿದ್ದರು. ವ್ಯಾಯಾಮ ಮಾಡಿಸುವ ಹುಡುಗಿ ಒಳ್ಳೆಯವಳು. "ಎಲುಬು ಚಲೋ ಕೂಡೇತ್ರಿ ಅಕ್ಕಾರ. ನೀವ ಅಂಜಿ ಬಿಗಿ ಹಿಡಿಯಾಕತ್ತೀರಿ. ಹಿಂಗ ಬಿಟ್ರ ಇದು ಹಿಂಗ ಉಳಿದು ಬಿಡ್ತೈತಿ" ಎಂದು ಪ್ರತಿ ವಾರ ಹೇಳುತ್ತಿದ್ದಳು. ಅಂಜಿಕೆ ಬಿಡು ಎಂದರೆ ಅದೇನು ಕೈಯಲ್ಲಿ ಹಿಡಿದ ಚೀಲವೇ? ಹೊಲಿಗೆ ಮಷಿನ್ನಿನ ಪೆಡಲ್ ಮೇಲೆ ಕಾಲಿಡಲು ಆಗದೆ ದಸರೆಯ ಹೊತ್ತಿಗೆ ಬಂದ ಬಟ್ಟೆಗಳನ್ನೆಲ್ಲ ತಿರುಗಿ ಕಳಿಸಿದೆ.

ಅದಕ್ಕಿಂತ ಹೆಚ್ಚು ಕಾಡಿದ್ದು ರವಿವಾರ. ನಮ್ಮವರು ರವಿವಾರವೂ ಅಂಗಡಿ ತೆಗೆಯತೊಡಗಿದರು. ಮನೆಯಲ್ಲಿದ್ದರೆ ನನ್ನ ಕಾಲಿನ ಕಡೆ ನೋಡುತ್ತಿರಲಿಲ್ಲ. ಮಳೆ ಬಂದರೆ ಎದ್ದು ಬಾಗಿಲು ಹಾಕುತ್ತಿದ್ದರು. ಒಂದು ಮಧ್ಯಾಹ್ನ ನಾನು ಅಡುಗೆಮನೆಯಲ್ಲಿ ಕುಳಿತು ಅಳುತ್ತಿದ್ದಾಗ ಬಾಜೂ ಮನೆಯ ಜೈತುನಬಿ ಖಾಲಾ ಬಂದರು.

"ಯಮನೂರಿಗೆ ಹೋಗಿ ಬರ್ರಿ ಬೇ ಇಬ್ಬರೂ. ಆ ಅಜ್ಜಾರು ಹುಲಿ ಮ್ಯಾಲೆ ಸವಾರಿ ಮಾಡಿದವರು. ಗಾಡಿ ಮ್ಯಾಲಿಂದ ಬಿದ್ದವರ ಸಂಕಟ ಅವರಿಗೆ ತಿಳಿಯಂಗಿಲ್ಲೇನು?" ಎಂದರು.

ನಮ್ಮದು ಲಿಂಗ ಕಟ್ಟಿದ ಮನೆ. ಆದರೆ ನಮ್ಮ ಅತ್ತೆಯವರು ಬದುಕಿರುವ ತನಕ ಪ್ರತಿ ವರ್ಷ ಯಮನೂರಿನ ದರ್ಗಾಕ್ಕೆ ಹೋಗಿ ಸಕ್ಕರೆಯ ಮೇಲೆ ಫಾತಿಹಾ ಓದಿಸಿಕೊಂಡು ಬರುತ್ತಿದ್ದರು. ನಾನೇ ಮರೆತಿದ್ದೆ.

ಚಿತ್ತಿ ಮಳೆಯ ದಿನಗಳಲ್ಲಿ ಒಂದು ರವಿವಾರ ಬೆಳಿಗ್ಗೆ ಹೊರಟೆವು. ನಾನು ಬಿದ್ದ ದಿನದಿಂದ ಮಡ್‌ಗಾರ್ಡ್ ಮೊಳೆಯ ಮೇಲೇ ಇತ್ತು. ನಾನು ಒಂದೇ ಬದಿಗೆ ಕುಳಿತು ಕಾಲು ಚಾಚಿದ್ದೆ. ಅವರು ಡಾಂಬರಿನ ಮೇಲೆ ಎತ್ತಿನ ಬಂಡಿಗಿಂತ ಮೆಲ್ಲಗೆ ಓಡಿಸಿದರು. ದಾರಿಯಲ್ಲಿ ಒಂದು ಸಣ್ಣ ಸೇತುವೆಯ ಕೆಲಸ ನಡೆದಿತ್ತು. ಪಕ್ಕದ ಹೊಲದಲ್ಲಿ ಮಣ್ಣಿನ ದಾರಿ ಮಾಡಿದ್ದರು. ಹೋಗುವಾಗ ಅದು ಒಣಗಿತ್ತು.

ದರ್ಗಾದಲ್ಲಿ ಸಕ್ಕರೆ, ಊದಿನಕಡ್ಡಿ ಕೊಟ್ಟು ಕಣ್ಣು ಮುಚ್ಚಿದೆ. ಅಜ್ಜಾರೇ, ಕಾಲು ಮಡಚಲಿ, ಮತ್ತೆ ಒಂದು ಸಲವಾದರೂ ಇವರ ಹಿಂದೆ ಕುಳಿತು ಕೆಸರಿನಲ್ಲಿ ಹೋಗುವಂತೆ ಮಾಡಿರಿ ಎಂದು ಬೇಡಿದೆ. ಬಾಯಿ ಬಿಟ್ಟು ಹೇಳಲಿಲ್ಲ. ಬಾಜೂ ನಿಂತ ನಮ್ಮವರು ಮಾತ್ರ ದರ್ಗಾದ ಸೇವೆ ಮಾಡುವ ಮುಜಾವರ ಕಾಕಾರಿಗೆ ಕೇಳಿಸುವಂತೆ ಹೇಳಿದರು: "ಇಕಿ ಕಾಲು ಮಡಚ್ಲಿ. ಇನ್ನ ಮುಂದ ಕೆಸರಿನ್ಯಾಗ ನಾ ಗಾಡಿ ಹ್ಯಾಂಡಲ್ ಮುಟ್ಟಂಗಿಲ್ಲ. ಹರಕಿ ಇವತ್ತಿಂದನ ಸುರು."

ನನಗೆ ಮೈ ಉರಿದುಹೋಯಿತು. ಒಂದೇ ದೇವರ ಮುಂದೆ, ಒಂದೇ ಹೊತ್ತಿಗೆ, ನಾನು ಬೇಡಿದ್ದಕ್ಕೆ ಇವರು ಅಡ್ಡ ನಿಂತಿದ್ದರು. ಹೊರಗೆ ಬಂದು ಚಪ್ಪಲಿ ಮೆಟ್ಟುವ ಮೊದಲೇ ಜಗಳ ತೆಗೆದೆ. "ನನ್ನ ಒಂದು ಮಾತು ಕೇಳಬೇಕಿಲ್ಲೇನ್ರಿ?" ಅವರು ಬಗ್ಗಿ ನನ್ನ ಚಪ್ಪಲಿ ಮುಂದೆ ಸರಿಸಿಟ್ಟರು. ಮುಜಾವರ ಕಾಕಾ ವಿಷಯ ತಿಳಿದು, "ಇಬ್ಬರದೂ ಮುಟ್ಟೇತಿ. ಇನ್ನ ಅಜ್ಜಾರಿಗೆ ಬಿಡ್ರಿ" ಎಂದರು.

ಅಷ್ಟರಲ್ಲಿ ಮಳೆ ಶುರುವಾಯಿತು. ಎರಡು ತಾಸು ಹೊಡೆದು ನಿಂತಿತು. ತಿರುಗಿ ಬರುವಾಗ ಸೇತುವೆಯ ಪಕ್ಕದ ಮಣ್ಣಿನ ದಾರಿ ಕಲಸಿದ ಹಿಟ್ಟಿನಂತಾಗಿತ್ತು. ನಮ್ಮವರು ಅದರ ಅಂಚಿನಲ್ಲಿ ಗಾಡಿ ನಿಲ್ಲಿಸಿ ಇಳಿದರು.

"ಯಾಕ್ರಿ?"

"ಕೆಸರು ಐತಿ. ಹರಕಿ ಐತಿ."

"ಮತ್ತ ಮನಿಗೆ?"

"ಒಣಗಲಿ."

ಎರೆ ಮಣ್ಣು ಒಣಗಲು ಎರಡು ದಿನ ಬೇಕು. ಬಸ್ಸುಗಳು ಆ ಕಡೆ ತಿರುಗಿ ನೋಡಿರಲಿಲ್ಲ. ಈ ಕಾಲು ಎಳೆದುಕೊಂಡು ಆ ರಾಡಿಯಲ್ಲಿ ನಡೆಯಲು ನನಗೆ ಆಗದು. ಆಕಾಶ ಮತ್ತೆ ಕಪ್ಪಾಗುತ್ತಿತ್ತು. ಈ ಮನುಷ್ಯ ರಸ್ತೆಯ ಕಲ್ಲಿನ ಮೇಲೆ ಕುಳಿತು, ಕೈಕಟ್ಟಿಕೊಂಡು ಹೊಲ ನೋಡುತ್ತಿದ್ದರು. ಸಿಟ್ಟಿನಲ್ಲಿ ನನಗೆ ಮೈಮೇಲೆ ಖಬರಿರಲಿಲ್ಲ. "ಹರಕಿ ನಿಮ್ಮದು, ನಂದಲ್ಲ. ಹಿಂದ ಕುಂಡರ್ರಿ" ಎಂದೆ. ಚೂಡಿದಾರ ಹಾಕಿದ್ದು ಒಳ್ಳೆಯದಾಯಿತು. ಎಡಗಾಲೂರಿ, ಬಲಗಾಲನ್ನು ಹೇಗೋ ಸೀಟಿನಾಚೆ ಹಾಕಿ ಹ್ಯಾಂಡಲ್ ಹಿಡಿದೆ. ಅವರು ಬಂದ್ ಮಾಡಲು ಮರೆತಿದ್ದ ಇಂಜಿನ್ ಇನ್ನೂ ಓಡುತ್ತಿತ್ತು. ಅವರು ಹಿಂದೆ ಕುಳಿತು ನನ್ನ ಹೆಗಲು ಹಿಡಿದರು.

ಗಾಡಿ ಹಾವಿನ ಹಾಗೆ ಹೊರಳುತ್ತ ಹೋಯಿತು. "ಎಡಕ್ಕ, ಎಡಕ್ಕ, ಹುಲ್ಲಿನ ಮ್ಯಾಲೆ ತಗೋ" ಎಂದು ಅವರು, "ಸುಮ್ಮ ಕುಂಡರ್ರಿ" ಎಂದು ನಾನು. ನಟ್ಟನಡುವೆ ಕ್ಲಚ್ ತಪ್ಪಿ ಇಂಜಿನ್ ಬಂದಾಯಿತು. ಗಾಲಿ ಹೂತುಕೊಳ್ಳುವ ಮೊದಲು ಹೊರಡಬೇಕು ಎಂಬುದೊಂದೇ ತಲೆಯಲ್ಲಿ. ಕಿಕ್ ಹೊಡೆದೆ. ಹತ್ತಲಿಲ್ಲ. ಮತ್ತೆ ಹೊಡೆದೆ. ಮೂರನೆಯದಕ್ಕೆ ಇಂಜಿನ್ ಎದ್ದಿತು.

ಹಿಂದಿನಿಂದ ನಮ್ಮವರ ದನಿ ಕೇಳಿತು. "ಲೀಲಾ, ನಿನ್ನ ಕಾಲು ನೋಡು."

ಕಾಲು ಮಡಚಿ ಕಿಕ್ಕಿನ ಮೇಲಿತ್ತು. ಬಲಗಾಲೇ. ಆಮೇಲೆ ನೋವು ಬಂತು, ಚೆನ್ನಾಗಿಯೇ ಬಂತು, ಆದರೆ ಅಂಜಿಕೆ ಬರಲಿಲ್ಲ. ಆಚೆ ದಡದ ಡಾಂಬರು ಮುಟ್ಟಿದ ಮೇಲೆ ಗಾಡಿ ನಿಲ್ಲಿಸಿ ಇಬ್ಬರೂ ಅತ್ತೆವು. ರಾಡಿ ಮೆತ್ತಿದ ಮುಖ ನೋಡಿಕೊಂಡು ನಕ್ಕೆವು.

ಮಂಗಳವಾರ ವ್ಯಾಯಾಮದ ಹುಡುಗಿ ಕಾಲು ಮಡಚಿ ನೋಡಿ, "ಏನ ಮಾಡಿದ್ರಿ ಅಕ್ಕಾರ?" ಎಂದು ಕೇಳಿದಳು. ಕೇಳಿ ತಿಳಿದು, ಎದೆ ಮೇಲೆ ಕೈಯಿಟ್ಟುಕೊಂಡು ಬೈದಳು. ಆಮೇಲೆ, ಅಂಜಿಕೆ ಹೋಗಿದೆ, ಇನ್ನು ವ್ಯಾಯಾಮ ಹತ್ತುತ್ತದೆ ಎಂದಳು. ಅವಳ ಮಾತು ನಾನು ಅಲ್ಲಗಳೆಯುವುದಿಲ್ಲ. ಅವಳು ಹೇಳಿದಂತೆ ಮಾಡಿದೆ, ಸಂಕ್ರಾಂತಿಯ ಹೊತ್ತಿಗೆ ಮಷಿನ್ ತುಳಿಯುತ್ತಿದ್ದೆ. ಆದರೆ ಚೌತಿಯಿಂದ ಯಾರು ಹೇಳಿದರೂ ಹೋಗದ ಅಂಜಿಕೆಯನ್ನು ಆ ರಾಡಿಯಲ್ಲಿ ತೆಗೆದವರು ಯಾರು ಎಂದರೆ ನನಗೆ ಒಂದೇ ಉತ್ತರ ಗೊತ್ತು. ನಮ್ಮವರ ಹರಕೆ ಮುರಿಯಲಿಲ್ಲ, ನನ್ನ ಬೇಡಿಕೆ ಸೋಲಲಿಲ್ಲ. ನಾನು ಕೇಳಿದ್ದು ಹಿಂದಿನ ಸೀಟು. ಅಜ್ಜಾರು ಮುಂದಿನದನ್ನೇ ಕೊಟ್ಟರು.

ಈ ವರ್ಷ ಮೊದಲ ಮಳೆ ಬಿದ್ದಾಗ ಮಡ್‌ಗಾರ್ಡ್ ಬಿಚ್ಚಿ ಮೊಳೆಗೆ ಹಾಕಿದವಳು ನಾನು. ರವಿವಾರ ಕೆಸರಿಗೆ ಹೊರಟರೆ ಹ್ಯಾಂಡಲ್ ನನ್ನದು. ಹೆಂಡತಿಯ ಹಿಂದೆ ಕುಳಿತ ಈರಣ್ಣನನ್ನು ನೋಡಿ ಮೊರಬದ ಕಟ್ಟೆಯ ಮಂದಿ ನಕ್ಕರೆ, "ಹರಕಿ ಐತ್ರಿ" ಎಂದು ಗಂಭೀರವಾಗಿ ಹೇಳುತ್ತಾರೆ.

ಮೊನ್ನೆ ಇಬ್ಬರೂ ಯಮನೂರಿಗೆ ಹೋಗಿ ಸಕ್ಕರೆ ಓದಿಸಿದೆವು. ಮುಜಾವರ ಕಾಕಾ ನಮ್ಮವರನ್ನು ಕರೆದು, "ಕೆಲಸ ಆತಲ್ಲ. ಹರಕಿ ಬಿಡಿಸ್ಕೋತೀಯೇನಪ್ಪ? ಅಜ್ಜಾರು ಸಿಟ್ಟಾಗಂಗಿಲ್ಲ" ಎಂದು ಕೇಳಿದರು. ನಾನು ಮುಖ ಆ ಕಡೆ ಮಾಡಿ ಕಿವಿಗೊಟ್ಟು ನಿಂತೆ.

"ಬ್ಯಾಡ್ರಿ ಕಾಕಾ" ಎಂದರು ನಮ್ಮವರು. "ಹಿಂದ ಕುಂತ್ರ ಹೊಲ ಕಾಣ್ತಾವ. ಇಷ್ಟ ವರ್ಷ ಇಕಿ ಹೇಳಿದ್ದಷ್ಟ ಕೇಳಿದ್ದೆ."

ನಾನು ಅಜ್ಜಾರಿಗೆ ಇನ್ನೊಮ್ಮೆ ಕೈಮುಗಿದೆ. ಹೊರಗೆ ಬಂದು ಗಾಡಿ ತಿರುಗಿಸಿ, ಅವರು ಹಿಂದೆ ಕುಳಿತ ಮೇಲೆ, ಬಲಗಾಲಿನಿಂದ ಕಿಕ್ ಹೊಡೆದೆ.